ಅಂಗಡಿಯ ಹದಿನೈದು ನಿಮಿಷ, ಖಾತೆಯ ಐದು ವರ್ಷ

ಬೆಲೆಬಾಳುವ ಯಂತ್ರವೊಂದನ್ನು ಕೊಳ್ಳುವ ತೀರ್ಮಾನವು ಲೆಕ್ಕಪುಸ್ತಕದ ಮುಂದೆ ಕುಳಿತಾಗ ಆಗುತ್ತದೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಹೆಚ್ಚಿನ ತೀರ್ಮಾನಗಳು ಅಂಗಡಿಯ ಗಾಜಿನ ಕಪಾಟಿನ ಮುಂದೆಯೇ ಆಗಿಬಿಟ್ಟಿರುತ್ತವೆ. ಲೆಕ್ಕಪುಸ್ತಕಕ್ಕೆ ಉಳಿಯುವ ಕೆಲಸವೆಂದರೆ ಆಗಿಹೋದುದಕ್ಕೆ ಕಾರಣ ಹುಡುಕಿಕೊಡುವುದು. ಲೇತ್ ಯಂತ್ರ ಕೊಳ್ಳುವವನೂ ಮುದ್ರಣಯಂತ್ರ ಕೊಳ್ಳುವವನೂ ಈ ಮಾತಿಗೆ ಹೊರತಲ್ಲ. ಆದರೆ ಮೊದಲ ನೋಟಕ್ಕೆ ಮನಸೋಲುವ ಪ್ರವೃತ್ತಿಯು ಅತಿ ಸ್ಪಷ್ಟವಾಗಿ ಕಾಣುವುದು ಉನ್ನತ ದರ್ಜೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾದ ವಿಷಯದಲ್ಲಿ. ಸ್ಟುಡಿಯೊ ನಡೆಸುವವರು, ಜವಳಿ ವ್ಯಾಪಾರಿಗಳು, ತಮ್ಮ ಸರಕಿನ ಚಿತ್ರಗಳನ್ನು ತಾವೇ ತೆಗೆದುಕೊಳ್ಳಬಯಸುವ ಸಣ್ಣ ತಯಾರಕರು, ಹೀಗೆ ಹಲವರು ಇದಕ್ಕೆ ಲಕ್ಷಗಟ್ಟಲೆ ಹಣ ತೊಡಗಿಸಿದ್ದಾರೆ. ಆ ಹಣ ಹಿಂದಿರುಗಿ ಬಂದಿತೇ ಎಂಬ ಪ್ರಶ್ನೆಗೆ ಉತ್ತರ ಕೇಳಿದರೆ, ಬಹುಮಂದಿ ಚಿತ್ರದ ಅಂದವನ್ನು ಕುರಿತು ಮಾತನಾಡುತ್ತಾರೆಯೇ ಹೊರತು ಹಣದ ವಿಷಯಕ್ಕೆ ಬರುವುದಿಲ್ಲ.

ಚರ್ಚೆಗೆ ಒಂದು ನಿಜವಾದ ಉದಾಹರಣೆ ಬೇಕು. ನಿಕಾನ್ ಸಂಸ್ಥೆಯ ಡಿ3 ಅದಕ್ಕೆ ಬಹಳ ಯೋಗ್ಯವಾದುದು. 2007ರ ಆಗಸ್ಟ್ 23ರಂದು ಪ್ರಕಟವಾಗಿ, ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮೆರಾ, ಮೂವತ್ತೈದು ಮಿ.ಮೀ. ಫಿಲಂ ಚೌಕದಷ್ಟೇ ದೊಡ್ಡದಾದ ಸೆನ್ಸರನ್ನು ಹೊಂದಿದ್ದ ನಿಕಾನ್‌ನ ಮೊದಲ ಡಿಜಿಟಲ್ ಎಸ್‌ಎಲ್‌ಆರ್. ಅಮೆರಿಕದ ಮಾರುಕಟ್ಟೆಗೆ ಘೋಷಿಸಿದ ಬೆಲೆ ಸುಮಾರು 5,000 ಡಾಲರ್. ಇಂದು ಅದರ ತಯಾರಿಕೆ ನಿಂತು ಬಹಳ ಕಾಲವಾಗಿದೆ. ಅದರ ಇಡೀ ಆಯುಷ್ಯವೇ ಕಣ್ಣ ಮುಂದಿದೆ. ಹೊಸ ಯಂತ್ರವೊಂದರ ಲಾಭನಷ್ಟವನ್ನು ಊಹಿಸಿ ಹೇಳಬೇಕಾಗುತ್ತದೆ. ಹಳೆಯದರದನ್ನು ಓದಿ ಹೇಳಬಹುದು.

ಕೈಗೆ ಬಂದ ಮೊದಲ ಕ್ಷಣದಲ್ಲಿ ಡಿ3 ಹೇಗೆ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬ್ಯಾಟರಿಯಿಲ್ಲದೆಯೇ 1,240 ಗ್ರಾಂ ತೂಗುವ ಮೆಗ್ನೀಷಿಯಂ ಮಿಶ್ರಲೋಹದ ದೇಹ. ಅಡ್ಡವಾಗಿ ಹಿಡಿದರೂ ಉದ್ದವಾಗಿ ಹಿಡಿದರೂ ಬೆರಳಿಗೆ ಸಿಗುವಂತೆ ಎರಡು ಶಟರ್ ಗುಂಡಿಗಳು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟೊಡನೆ ವಿಶಾಲವಾದ, ಬೆಳಕು ತುಂಬಿದ ನೋಟ. ಅದಕ್ಕೆ ಹಿಂದಿನ ಸಣ್ಣ ಸೆನ್ಸರಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಕೊಳವೆಯೊಳಗಿಂದ ನೋಡಿದಂತಾಗುತ್ತಿದ್ದುದರಿಂದ, ಫಿಲಂ ಕಾಲದಿಂದ ಬಂದ ಛಾಯಾಗ್ರಾಹಕನಿಗೆ ಇದು ಕಳೆದುಹೋದ ಮನೆಯ ಕಿಟಕಿ ಮತ್ತೆ ತೆರೆದಂತೆ. ಹಿಂಬದಿಯಲ್ಲಿ 9,20,000 ಬಿಂದುಗಳ ಮೂರು ಅಂಗುಲದ ಪರದೆ. ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ ಒಂಬತ್ತು ಚಿತ್ರ. ಆ ಶಬ್ದವೊಂದನ್ನು ಕೇಳಿದ ಮೇಲೆ ಚೆಕ್‌ಪುಸ್ತಕ ಜೇಬಿನಲ್ಲಿ ನಿಲ್ಲುವುದು ಕಷ್ಟ.

ಈ ಮೊದಲ ಅನಿಸಿಕೆಗಳಲ್ಲಿ ಯಾವುದೂ ಸುಳ್ಳಲ್ಲ. ಅಂಗಡಿಯವನು ಮೋಸ ಮಾಡಿದನೆಂದೂ ಹೇಳುವಂತಿಲ್ಲ. ಸಮಸ್ಯೆ ಬೇರೆ ಕಡೆ ಇದೆ. ಹದಿನೈದು ನಿಮಿಷದಲ್ಲಿ ಕಣ್ಣು, ಕಿವಿ, ಕೈಗಳು ಅಳೆಯಬಲ್ಲ ಗುಣಗಳು ಒಂದು ಬಗೆ. ಐದು ವರ್ಷಗಳ ದುಡಿಮೆಯಲ್ಲಿ ಹಣ ತರುವ ಗುಣಗಳು ಇನ್ನೊಂದು ಬಗೆ. ಇವೆರಡೂ ಒಂದೇ ಯಂತ್ರದಲ್ಲಿ ಇರಬಹುದು, ಡಿ3ರಲ್ಲಿ ಇದ್ದವು ಕೂಡ. ಆದರೆ ಮೊದಲನೆಯದನ್ನು ನೋಡಿ ಎರಡನೆಯದಕ್ಕೆ ಬೆಲೆ ಕಟ್ಟಲಾಗದು.

ಒಂದೇ ದಿನ, ಎರಡು ಬೆಲೆ

ಅದೇ 2007ರ ಆಗಸ್ಟ್ 23ರಂದು ನಿಕಾನ್ ಇನ್ನೊಂದು ಕ್ಯಾಮೆರಾವನ್ನೂ ಪ್ರಕಟಿಸಿತು: ಡಿ300. ಇದರ ಬೆಲೆ ಸುಮಾರು 1,800 ಡಾಲರ್. ಡಿ3ರಲ್ಲಿ 12.1 ಮೆಗಾಪಿಕ್ಸೆಲ್, ಡಿ300ರಲ್ಲಿ 12.3. ಎರಡರಲ್ಲೂ 51 ಬಿಂದುಗಳ ಫೋಕಸ್ ವ್ಯವಸ್ಥೆ, ಎರಡರಲ್ಲೂ ಅದೇ ಮೂರು ಅಂಗುಲದ ಪರದೆ. ಮೆಗಾಪಿಕ್ಸೆಲ್ ಎಂಬುದೇ ಕ್ಯಾಮೆರಾದ ತೂಕದ ಬಟ್ಟು ಎಂದು ನಂಬಿ ಕೊಳ್ಳುವವನಿಗೆ ಇದು ಒಗಟಾಗಿ ಕಂಡಿರಬೇಕು. ಸರಕು ಒಂದೇ ತೂಕ, ಬೆಲೆ ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು.

ಉತ್ತರ ಸೆನ್ಸರಿನ ವಿಸ್ತೀರ್ಣದಲ್ಲಿದೆ. ಡಿ3ರ ಸೆನ್ಸರ್ 36 ಮಿ.ಮೀ. ಉದ್ದ, 23.9 ಮಿ.ಮೀ. ಅಗಲ, ಡಿ300ರದು 23.6ಕ್ಕೆ 15.8. ಗುಣಿಸಿ ನೋಡಿದರೆ ಮೊದಲನೆಯದು ಎರಡನೆಯದರ ಎರಡು ಪಟ್ಟಿಗೂ ಹೆಚ್ಚು. ಸರಿಸುಮಾರು ಅಷ್ಟೇ ಸಂಖ್ಯೆಯ ಬಿಂದುಗಳನ್ನು ದೊಡ್ಡ ಜಾಗದಲ್ಲಿ ಹರಡಿದಾಗ ಪ್ರತಿ ಬಿಂದುವೂ ದೊಡ್ಡದಾಗುತ್ತದೆ. ಮಳೆ ಬರುವಾಗ ಅಂಗಳದಲ್ಲಿ ಹಂಡೆ ಇಟ್ಟವನಿಗೂ ಚೊಂಬು ಇಟ್ಟವನಿಗೂ ಸುರಿಯುವ ಮಳೆ ಒಂದೇ, ಸಿಗುವ ನೀರು ಬೇರೆ. ಜಡಿಮಳೆಯಲ್ಲಿ ಚೊಂಬೂ ತುಂಬುತ್ತದೆ, ಹಂಡೆಯ ಅಗತ್ಯ ತಿಳಿಯುವುದಿಲ್ಲ. ತುಂತುರು ಬಿದ್ದಾಗ ವ್ಯತ್ಯಾಸ ತಿಳಿಯುತ್ತದೆ. ಬೆಳಕಿನ ವಿಷಯವೂ ಹಾಗೆಯೇ. ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ಎರಡು ಕ್ಯಾಮೆರಾಗಳ ಚಿತ್ರಗಳನ್ನು ಅವುಗಳ ಪುಟ್ಟ ಪರದೆಯ ಮೇಲೆ ಹೋಲಿಸಿದವನಿಗೆ ಹೆಚ್ಚಿನ ಅಂತರ ಕಾಣುವುದೇ ಇಲ್ಲ. ಮೂರು ಪಟ್ಟು ಬೆಲೆಗೆ ನಿಜವಾದ ಕಾರಣವಾದ ಗುಣವು ಮೊದಲ ಅನಿಸಿಕೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ.

ಆ ಗುಣ ಲೆಕ್ಕಕ್ಕೆ ಬರುವುದು ಬೆಳಗಿನ ಜಾವದ ಮುಹೂರ್ತದಲ್ಲಿ. ಕಲ್ಯಾಣ ಮಂಟಪದ ಮಂದ ಬೆಳಕು, ಹೋಮದ ಹೊಗೆ, ಸುತ್ತ ನಿಂತ ಬಂಧುಗಳು. ಅಂತರಪಟ ಸರಿದು ವಧೂವರರು ಜೀರಿಗೆ ಬೆಲ್ಲ ಹಾಕುವ ಕ್ಷಣ ಒಮ್ಮೆ ಬಂದು ಹೋಗುತ್ತದೆ. ಇನ್ನೊಮ್ಮೆ ಹಾಕಿರೆಂದು ಕೇಳುವಂತಿಲ್ಲ. ಫ್ಲ್ಯಾಷ್ ಬೆಳಗಿಸಿದರೆ ಹೊಗೆ ಬೆಳ್ಳಗಾಗಿ ಹಿನ್ನೆಲೆ ಕತ್ತಲಾಗುತ್ತದೆ. ಫಿಲಂ ಕಾಲದಲ್ಲಿ ಐಎಸ್‌ಒ 800 ದಾಟಿದರೆ ಕಾಳುಕಾಳಾದ ಚಿತ್ರವನ್ನು ಒಪ್ಪಿಕೊಳ್ಳಬೇಕಾಗಿತ್ತು. ಡಿ3ರ ಸಾಮಾನ್ಯ ವ್ಯಾಪ್ತಿ 200ರಿಂದ 6400ರವರೆಗೆ. ಒತ್ತಾಯಿಸಿದರೆ 25,600ರವರೆಗೂ ಹೋಗುತ್ತಿತ್ತು. 6400ರಲ್ಲಿ ತೆಗೆದ ಚಿತ್ರವನ್ನು ಆಲ್ಬಮಿಗೆ ಹಾಕಬಹುದಾಗಿದ್ದುದು ಆ ಕಾಲಕ್ಕೆ ದೊಡ್ಡ ಸಂಗತಿ. ಅಂತಹ ಕೆಲಸವನ್ನೇ ನಂಬಿದ ಸ್ಟುಡಿಯೊಗೆ ಇದು ಐಷಾರಾಮವಾಗಿರಲಿಲ್ಲ, ಪಕ್ಕದ ಬೀದಿಯ ಸ್ಟುಡಿಯೊಗಿಂತ ಒಂದು ಹೆಜ್ಜೆ ಮುಂದಿಡುವ ಸಾಧನವಾಗಿತ್ತು.

ಕಾರ್ಡುಗಳ ಎರಡು ಕಿಂಡಿಗಳೂ ಇಂತಹದೇ ಕಾಣದ ಗುಣ. ಎರಡನೆಯ ಕಾರ್ಡಿನಲ್ಲಿ ಪ್ರತಿ ಚಿತ್ರದ ನಕಲನ್ನೂ ಉಳಿಸುವಂತೆ ಹೊಂದಿಸಬಹುದಿತ್ತು. ಮದುವೆಯ ದಿನ ಕಾರ್ಡು ಕೈಕೊಟ್ಟು, ಗಿರಾಕಿಯ ಮನೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತ ಛಾಯಾಗ್ರಾಹಕನಿಗೆ ಮಾತ್ರ ಈ ಕಿಂಡಿಯ ಬೆಲೆ ಗೊತ್ತು. ಇನ್ನೊಂದು ಕಡೆ, ಸೆನ್ಸರಿನ ಮೇಲೆ ಕುಳಿತ ಧೂಳನ್ನು ಅಲುಗಿಸಿ ಉದುರಿಸುವ ವ್ಯವಸ್ಥೆ ಅಗ್ಗದ ಡಿ300ರಲ್ಲಿ ಇತ್ತು, ದುಬಾರಿಯ ಡಿ3ರಲ್ಲಿ ಇರಲಿಲ್ಲ. ಅಂಗಡಿಯ ಮೇಜಿನ ಮುಂದೆ ಇದನ್ನು ಕೇಳಿದವರು ವಿರಳವಾಗಿರಬೇಕು.

ಫಿಲಂ ಎಲ್ಲಿ ಹೋಯಿತು?

ಈಗ ಹಣದ ವಿಷಯ. ಡಿಜಿಟಲ್ ಬಂದ ಮೇಲೆ ಫಿಲಂ ಖರ್ಚು ಉಳಿಯಿತು ಎಂಬ ಮಾತು ವೃತ್ತಿಯಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಚಲಾವಣೆಯಲ್ಲಿದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಮಾತು ಅರ್ಧ ನಿಜ. ಫಿಲಂ ಕಾಲದ ವೆಚ್ಚ ಕೆಲಸದ ಜೊತೆಯಲ್ಲೇ ಬರುತ್ತಿತ್ತು. ಮದುವೆ ಒಪ್ಪಿಕೊಂಡರೆ ಹತ್ತು ರೋಲು ಕೊಳ್ಳಬೇಕು, ತೊಳೆಸಬೇಕು, ಮುದ್ರಿಸಬೇಕು. ಕೆಲಸವಿಲ್ಲದ ಆಷಾಢ ಮಾಸದಲ್ಲಿ ಆ ಖರ್ಚೂ ಇಲ್ಲ. ಕ್ಯಾಮೆರಾದ ದೇಹವನ್ನು ಒಮ್ಮೆ ಕೊಂಡರೆ ಹದಿನೈದು ಇಪ್ಪತ್ತು ವರ್ಷ ದುಡಿಯುತ್ತಿತ್ತು. ಹೊಸ ಬಗೆಯ ಫಿಲಂ ಬಂದರೆ ಹಳೆಯ ಕ್ಯಾಮೆರಾಕ್ಕೇ ತುಂಬಿದರಾಯಿತು, ಚಿತ್ರ ಉತ್ತಮವಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲಂ ದೇಹದೊಳಗೇ ಕೂತುಬಿಟ್ಟಿತು. ಸೆನ್ಸರೇ ಫಿಲಂ. ಅದನ್ನು ಬದಲಿಸಬೇಕಾದರೆ ಇಡೀ ದೇಹವನ್ನೇ ಬದಲಿಸಬೇಕು. ಕೆಲಸದ ಜೊತೆ ಏರಿಳಿಯುತ್ತಿದ್ದ ವೆಚ್ಚವೊಂದು ಕೆಲಸ ಬರಲಿ ಬಾರದಿರಲಿ ಮೊದಲೇ ತೆರಬೇಕಾದ ಸ್ಥಿರ ವೆಚ್ಚವಾಗಿ ಮಾರ್ಪಟ್ಟಿತು.

ಆದುದರಿಂದ ಉನ್ನತ ದರ್ಜೆಯ ಡಿಜಿಟಲ್ ಕ್ಯಾಮೆರಾವನ್ನು ಆಸ್ತಿಯೆಂದು ಭಾವಿಸುವುದಕ್ಕಿಂತ, ಐದು ವರ್ಷಕ್ಕೆ ಒಟ್ಟಿಗೆ ಕೊಂಡಿಟ್ಟ ಕಚ್ಚಾ ಮಾಲು ಎಂದು ಭಾವಿಸುವುದು ವ್ಯವಹಾರಕ್ಕೆ ಕ್ಷೇಮ. ಕಾನೂನು ಅದನ್ನು ಆಸ್ತಿ ಎಂದೇ ಕರೆಯುತ್ತದೆ, ಜಮಾಖರ್ಚಿನ ತಃಖ್ತೆಯಲ್ಲಿಯೂ ಅದು ಆಸ್ತಿಯ ಬದಿಯಲ್ಲೇ ಕೂರುತ್ತದೆ. ಆದರೆ ಮಾಲೀಕನ ಮನಸ್ಸಿನಲ್ಲಿ ಅದು ಪ್ರತಿ ಮದುವೆಗೂ ಸ್ವಲ್ಪ ಸ್ವಲ್ಪವಾಗಿ ಕರಗಬೇಕು.

ಎಷ್ಟು ಕರಗುತ್ತದೆಂಬುದನ್ನು ಅಂಕಿಗಳಲ್ಲಿ ನೋಡಬಹುದು. ಡಿ3ರ ಶಟರನ್ನು ತಯಾರಕರು 3,00,000 ಬಾರಿ ಪರೀಕ್ಷಿಸಿದ್ದರು. (ಸೆಕೆಂಡಿಗೆ ಒಂಬತ್ತರಂತೆ ನಿಲ್ಲಿಸದೆ ಒತ್ತಿದರೆ ಮೂರು ಲಕ್ಷ ಮುಗಿಯಲು ಒಂಬತ್ತೂಕಾಲು ಗಂಟೆ ಸಾಕು; ಅಂಗಡಿಯಲ್ಲಿ ಅಷ್ಟೊಂದು ಮೆಚ್ಚಿಸಿದ ಗುಣವೇ ಬಂಡವಾಳವನ್ನು ಅತಿ ವೇಗವಾಗಿ ತಿನ್ನುವ ಗುಣವೂ ಹೌದು.) ಲೆಕ್ಕದ ಅನುಕೂಲಕ್ಕಾಗಿ ಇಂತಹದೊಂದು ಕ್ಯಾಮೆರಾದ ಬೆಲೆ ಮೂರು ಲಕ್ಷ ರೂಪಾಯಿ, ಐದು ವರ್ಷದ ನಂತರ ಮರುಮಾರಾಟದಲ್ಲಿ ಬರುವುದು 60,000 ಎಂದಿಟ್ಟುಕೊಂಡರೆ ಕರಗುವ ಮೊತ್ತ 2,40,000. ಪಕ್ಕದಲ್ಲಿ, 1,80,000 ರೂಪಾಯಿಯ ಒಂದು ಮೆಟ್ಟಿಲು ಕೆಳಗಿನ ಕ್ಯಾಮೆರಾ. ಮರುಮಾರಾಟ 40,000, ಕರಗುವ ಮೊತ್ತ 1,40,000, ಶಟರಿನ ಪರೀಕ್ಷಿತ ಆಯುಷ್ಯ 1,50,000. ಒಂದು ಮದುವೆಗೆ 2,500 ಚಿತ್ರ.

ವರ್ಷಕ್ಕೆ ಇಪ್ಪತ್ತು ಮದುವೆ ಮಾಡುವ ಸ್ಟುಡಿಯೊದಲ್ಲಿ ವಾರ್ಷಿಕ 50,000 ಚಿತ್ರಗಳಾಗುತ್ತವೆ. ದುಬಾರಿ ಕ್ಯಾಮೆರಾ ಐದು ವರ್ಷ, ಅಂದರೆ ನೂರು ಮದುವೆ, ನಿರಾತಂಕವಾಗಿ ದುಡಿಯುತ್ತದೆ. ಮದುವೆಯೊಂದಕ್ಕೆ ಬೀಳುವ ವೆಚ್ಚ 2,400 ರೂಪಾಯಿ. ಅಗ್ಗದ್ದು ಮೂರು ವರ್ಷಕ್ಕೆ, ಅಂದರೆ ಅರವತ್ತು ಮದುವೆಗೆ ತನ್ನ ಪರೀಕ್ಷಿತ ಮಿತಿ ಮುಟ್ಟುತ್ತದೆ; ಮದುವೆಯೊಂದಕ್ಕೆ 2,333. ಎರಡಕ್ಕೂ ಇರುವ ಅಂತರ ಊಟದ ನಂತರದ ತಾಂಬೂಲಕ್ಕೂ ಸಾಲದು. ಇಂತಹ ಸ್ಟುಡಿಯೊ ಮಾಲೀಕ ಮೊದಲ ನೋಟಕ್ಕೆ ಮನಸೋತು ದೊಡ್ಡ ಕ್ಯಾಮೆರಾವನ್ನೇ ತಂದರೆ ತಪ್ಪೆಂದು ಹೇಳಲಾಗದು. ಸಾಲದ ಬಡ್ಡಿಯನ್ನು ಸೇರಿಸಿದರೆ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಮಂದ ಬೆಳಕಿನ ಸಾಮರ್ಥ್ಯ, ಎರಡು ಕಾರ್ಡುಗಳ ಭದ್ರತೆ ಅದನ್ನು ತೀರಿಸುತ್ತವೆ.

ವರ್ಷಕ್ಕೆ ಎಂಟೇ ಮದುವೆ ಇರುವ ಸ್ಟುಡಿಯೊದ ಕಥೆ ಬೇರೆ. ಅಲ್ಲಿ ವರ್ಷಕ್ಕೆ 20,000 ಚಿತ್ರಗಳು. ಐದು ವರ್ಷಕ್ಕೆ ಒಂದು ಲಕ್ಷ. ಯಾವ ಶಟರೂ ಸವೆಯುವುದಿಲ್ಲ, ಅಷ್ಟರೊಳಗೆ ಕಾಲವೇ ಕ್ಯಾಮೆರಾವನ್ನು ಹಳತು ಮಾಡಿರುತ್ತದೆ. ನಲವತ್ತು ಮದುವೆಗಳ ಮೇಲೆ ಹಂಚಿದರೆ ದುಬಾರಿಯದಕ್ಕೆ ತಲಾ 6,000, ಅಗ್ಗದ್ದಕ್ಕೆ 3,500. ಪ್ರತಿ ಮದುವೆಯಲ್ಲೂ 2,500 ರೂಪಾಯಿ ಹೆಚ್ಚಿನ ಹೊರೆ. ಆ ಸ್ಟುಡಿಯೊ ಗಿರಾಕಿಯಿಂದ ಅಷ್ಟನ್ನು ಹೆಚ್ಚಾಗಿ ಪಡೆಯಬಲ್ಲದೇ? ಒಂದೇ ಕ್ಯಾಮೆರಾ, ಒಂದೇ ಮೊದಲ ಅನಿಸಿಕೆ, ಎರಡು ವಿರುದ್ಧ ಉತ್ತರಗಳು. ಉತ್ತರವನ್ನು ನಿರ್ಧರಿಸಿದುದು ಯಂತ್ರದ ಗುಣವಲ್ಲ, ಮುಂಗಡ ಬರೆದಿಟ್ಟ ದಿನಚರಿಯ ಪುಟಗಳು.

ಇದರಲ್ಲಿ ಸೇರದ ಇನ್ನೊಂದು ಬಾಬ್ತು ಉಂಟು. ಹತ್ತು ರೋಲಿನ ಕಾಲದಲ್ಲಿ ಒಂದು ಮದುವೆಗೆ 360 ಚಿತ್ರ. ಈಗ 2,500. ಅವುಗಳನ್ನು ಕೂತು ಆರಿಸುವವನಿಗೆ ಸಂಬಳ ಕೊಡಬೇಕು. ಕಚ್ಚಾ ಕಡತ ಒಂದಕ್ಕೆ 15 ಎಂ.ಬಿ. ಹಿಡಿದರೆ ಮದುವೆಯೊಂದಕ್ಕೆ 37 ಜಿ.ಬಿ.ಗೂ ಮೇಲ್ಪಟ್ಟು, ಎರಡು ಪ್ರತಿ ಇಟ್ಟರೆ 75. ಇಪ್ಪತ್ತು ಮದುವೆಗೆ 1,500 ಜಿ.ಬಿ. ಹಾರ್ಡ್‌ಡಿಸ್ಕ್ ಬೇಕು, ಮತ್ತು ಅದು ಮುಂದಿನ ವರ್ಷಕ್ಕೆ ಖಾಲಿಯಾಗುವುದಿಲ್ಲ. ಇದನ್ನು ಕ್ಯಾಮೆರಾದ ಖರ್ಚೆಂದು ಯಾರೂ ಬರೆಯುವುದಿಲ್ಲ, ಬರೆಯಬೇಕು.

ಏಳು ತಿಂಗಳ ಪಾಠ

ಡಿ3 ಮಾರುಕಟ್ಟೆಗೆ ಬಂದು ಏಳು ತಿಂಗಳಾಗಿತ್ತು. 2008ರ ಜುಲೈ 1ರಂದು ನಿಕಾನ್ ಡಿ700 ಎಂಬ ಹೊಸ ಕ್ಯಾಮೆರಾ ಪ್ರಕಟಿಸಿತು. ಸೆನ್ಸರ್ ಡಿ3ರದೇ. ಮಂದ ಬೆಳಕಿನ ಸಾಮರ್ಥ್ಯವೂ ಅದೇ. ದೇಹ ಚಿಕ್ಕದು, ಕಾರ್ಡಿಗೆ ಒಂದೇ ಕಿಂಡಿ, ಶಟರಿನ ಪರೀಕ್ಷೆ ಅರ್ಧದಷ್ಟು, ವೇಗ ಕಡಿಮೆ. ಬೆಲೆ ಸುಮಾರು 3,000 ಡಾಲರ್. ಗಿರಾಕಿಯ ಕೈಗೆ ಹೋಗುವ ಚಿತ್ರದಲ್ಲಿ ವ್ಯತ್ಯಾಸವಿಲ್ಲದ ಯಂತ್ರವೊಂದು ಐದರಲ್ಲಿ ಮೂರು ಪಾಲು ಬೆಲೆಗೆ ದೊರೆಯತೊಡಗಿತು. ಡಿ3 ಕೆಟ್ಟಿರಲಿಲ್ಲ, ಸವೆದಿರಲಿಲ್ಲ. ಆದರೂ ಅದರ ಬೆಲೆಯ ಒಂದು ದೊಡ್ಡ ಪಾಲು ತಯಾರಕರ ಒಂದು ಪ್ರಕಟಣೆಯಿಂದಲೇ ಕರಗಿತು.

ಅದೇ ಸೆಪ್ಟೆಂಬರಿನಲ್ಲಿ ಕ್ಯಾನನ್ ತನ್ನ 5ಡಿ ಮಾರ್ಕ್ 2 ಅನ್ನು ಪ್ರಕಟಿಸಿತು. 21.1 ಮೆಗಾಪಿಕ್ಸೆಲ್, ಸುಮಾರು 2,700 ಡಾಲರ್, ಜೊತೆಗೆ ಪೂರ್ಣ ಹೈ-ಡೆಫಿನಿಷನ್ ವಿಡಿಯೊ. ಡಿ3ರಲ್ಲಿ ವಿಡಿಯೊ ಇರಲೇ ಇಲ್ಲ. 2007ರಲ್ಲಿ ಅದನ್ನು ಕೊಂಡವನು ಅದರ ಕೊರತೆಯನ್ನು ಗಮನಿಸುವ ಸಾಧ್ಯತೆಯೂ ಇರಲಿಲ್ಲ, ಏಕೆಂದರೆ ಸ್ಥಿರಚಿತ್ರದ ಕ್ಯಾಮೆರಾ ಚಲನಚಿತ್ರವನ್ನೂ ತೆಗೆಯಬೇಕೆಂದು ಆಗ ಯಾರೂ ಅಪೇಕ್ಷಿಸುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮದುವೆಯ ಮನೆಯವರು ಅದನ್ನೇ ಮೊದಲು ಕೇಳತೊಡಗಿದರು. ಮೊದಲ ಅನಿಸಿಕೆಯು ಯಂತ್ರದಲ್ಲಿ ಇರುವುದನ್ನು ತೋರಿಸಬಲ್ಲದು, ಗಿರಾಕಿ ನಾಳೆ ಕೇಳಲಿರುವುದನ್ನು ತೋರಿಸಲಾರದು.

ಇಷ್ಟಾದರೂ 2007ರ ಐದು ಸಾವಿರ ಡಾಲರ್ ಹಿಂದಿನದಕ್ಕೆ ಹೋಲಿಸಿದರೆ ಅಗ್ಗವೇ ಆಗಿತ್ತು. 1991ರಲ್ಲಿ ಕೊಡಾಕ್ ಸಂಸ್ಥೆ ನಿಕಾನ್ ಎಫ್3 ದೇಹದ ಮೇಲೆ ಕಟ್ಟಿದ ಡಿಸಿಎಸ್ ಕ್ಯಾಮೆರಾ ಕೇವಲ 1.3 ಮೆಗಾಪಿಕ್ಸೆಲಿನದು, ಚಿತ್ರ ಸಂಗ್ರಹಿಸುವ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ತಿರುಗಬೇಕಿತ್ತು, ಬೆಲೆ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು. ಡಿಜಿಟಲ್ ಕ್ಯಾಮೆರಾದ ಬೀಜ ಬಿತ್ತಿದ ಆ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು ಎಂಬುದನ್ನು ವ್ಯಾಪಾರಿಗಳು ಮರೆಯಬಾರದು.

ತೆರಿಗೆಯ ಗಡಿಯಾರ ನಿಧಾನ

ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಶೇಕಡಾ 40ರ ಸವಕಳಿ ದರವಿದೆ. ಕ್ಯಾಮೆರಾ ಸಾಮಾನ್ಯ ಯಂತ್ರೋಪಕರಣಗಳ ಗುಂಪಿಗೆ ಸೇರಿ ಶೇಕಡಾ 15ನ್ನು ಪಡೆಯುತ್ತದೆ. ಲೆನ್ಸನ್ನು ಕಳಚಿ ನೋಡಿದರೆ ಡಿಜಿಟಲ್ ಕ್ಯಾಮೆರಾ ಬಹುಮಟ್ಟಿಗೆ ಕಂಪ್ಯೂಟರೇ ಆಗಿದ್ದರೂ ಕಾನೂನಿನ ಕಣ್ಣಿಗೆ ಅದು ಲೇತ್ ಯಂತ್ರದ ತಮ್ಮ. ಮೂರು ಲಕ್ಷದ ಕ್ಯಾಮೆರಾ ಶೇಕಡಾ 15ರಂತೆ ಇಳಿಯುತ್ತ ಬಂದು ಐದನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ 1,33,112 ರೂಪಾಯಿಯಾಗಿ ನಿಂತಿರುತ್ತದೆ. ಶೇಕಡಾ 40 ದೊರೆತಿದ್ದರೆ 23,328. ಮಾರುಕಟ್ಟೆಯ ಬೆಲೆ ಸಾಮಾನ್ಯವಾಗಿ ಇವೆರಡರ ನಡುವೆ, ಎರಡನೆಯದಕ್ಕೆ ಹತ್ತಿರವಾಗಿ ಇರುತ್ತದೆ. ಪುಸ್ತಕದ ಬೆಲೆಯನ್ನೇ ನಿಜವೆಂದು ನಂಬಿದ ಮಾಲೀಕನು ತಾನು ಗಳಿಸದ ಲಾಭವನ್ನು ಗಳಿಸಿದೆನೆಂದು ಭಾವಿಸಿ ಮನೆಖರ್ಚಿಗೆ ತೆಗೆದಿರುತ್ತಾನೆ. ಹೊಸ ಕ್ಯಾಮೆರಾ ಕೊಳ್ಳುವ ದಿನ ಬಂದಾಗ ಬ್ಯಾಂಕಿನ ಸಾಲವೇ ಗತಿಯಾಗುತ್ತದೆ. ತೆರಿಗೆಯ ಸವಕಳಿ ಏನೇ ಇರಲಿ, ಪ್ರತಿ ಕೆಲಸದ ಸಂಭಾವನೆಯಿಂದ ಮೇಲಿನ ಲೆಕ್ಕದಂತೆ ಎರಡು ಮೂರು ಸಾವಿರ ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತ ಬಂದವನಿಗೆ ಆ ಗತಿ ಬರುವುದಿಲ್ಲ.

ಬಿಲ್ಲಿನ ವಿಷಯ ಇನ್ನೂ ಕಟುವಾದುದು. ಡಿಜಿಟಲ್ ಕ್ಯಾಮೆರಾದ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಸಲಾಯಿತು. ಮೂರು ಲಕ್ಷಕ್ಕೆ 54,000 ರೂಪಾಯಿ. ನೋಂದಾಯಿತ ವ್ಯಾಪಾರಿಯು ತನ್ನ ಸಂಖ್ಯೆಯನ್ನು ನಮೂದಿಸಿದ ಬಿಲ್ಲು ಪಡೆದರೆ ಅದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಹಾಗೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ, ನೋಂದಣಿಯೇ ಇಲ್ಲದವರಿಗೆ ಅದು ನೇರವಾಗಿ ಬೆಲೆಗೆ ಸೇರುತ್ತದೆ. ಬಿಲ್ಲಿಲ್ಲದೆ, ‘ಹೊರಗಿನಿಂದ ತಂದ ಮಾಲು’ ಎಂಬ ಹೆಸರಿನಲ್ಲಿ ಮೂವತ್ತು ನಲವತ್ತು ಸಾವಿರ ಕಡಿಮೆಗೆ ಕೊಂಡು ಗೆದ್ದೆನೆಂದು ತಿಳಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಹೂಡುವಳಿ ತೆರಿಗೆ ಇಲ್ಲ, ವಾರಂಟಿ ಇಲ್ಲ. ಒಬ್ಬನಿಗೆ ಒಂದು ದಿನದಲ್ಲಿ ಹತ್ತು ಸಾವಿರ ರೂಪಾಯಿ ಮೀರಿ ನಗದಾಗಿ ಪಾವತಿಸಿದ ಹಣವನ್ನು ಬಂಡವಾಳ ಆಸ್ತಿಯ ಬೆಲೆಗೆ ಸೇರಿಸಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲವಾದುದರಿಂದ ಸವಕಳಿಯೂ ಇಲ್ಲ. ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ತಯಾರಕನ ಮೇಜಿನ ಮೇಲೆ

ಡಿಜಿಟಲ್ ಎಸ್‌ಎಲ್‌ಆರ್‌ಗಳ ಯುಗ ಈಗ ಬಹುಪಾಲು ಮುಗಿದಿದೆ. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಅಂಕಿಗಳ ಪ್ರಕಾರ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ 90 ಲಕ್ಷಕ್ಕೂ ಕಡಿಮೆ. ಉಳಿದುದನ್ನು ಮೊಬೈಲು ಫೋನು ನುಂಗಿತು. ನಿಕಾನ್ ಮತ್ತು ಕ್ಯಾನನ್ ಎರಡೂ 2018ರಲ್ಲಿ ಪೂರ್ಣ ಚೌಕದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊರಳಿದವು. 2021ರಲ್ಲಿ ಬಂದ ನಿಕಾನ್ ಜೆಡ್9ರಲ್ಲಿ ಕನ್ನಡಿಯೂ ಇಲ್ಲ, ಯಾಂತ್ರಿಕ ಶಟರೂ ಇಲ್ಲ. ಅಂಗಡಿಯಲ್ಲಿ ಮನಸೂರೆಗೊಳ್ಳುತ್ತಿದ್ದ ಆ ಶಬ್ದ ಈಗ ಪುಟ್ಟ ಸ್ಪೀಕರಿನಿಂದ ಬರುತ್ತದೆ, ಬೇಡವಾದರೆ ನಿಲ್ಲಿಸಬಹುದು. ಶಟರ್ ಸವೆಯುವ ಲೆಕ್ಕವೂ ಅದರೊಂದಿಗೆ ಹೋಯಿತು, ಕಾಲ ಹಳತು ಮಾಡುವ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. 1959ರಿಂದ ನಡೆದುಬಂದ ನಿಕಾನಿನ ಎಫ್ ಜೋಡಣೆಯ ಲೆನ್ಸುಗಳು ಮಧ್ಯವರ್ತಿ ಅಡಾಪ್ಟರಿನ ಮೂಲಕ ಹೊಸ ದೇಹಗಳಿಗೆ ಕೂರುತ್ತವೆಯಾದರೂ, ದೇಹದೊಳಗಿನ ಮೋಟಾರನ್ನು ನಂಬಿದ ಹಳೆಯ ಲೆನ್ಸುಗಳಿಗೆ ನಿಕಾನಿನ ಅಡಾಪ್ಟರಿನಲ್ಲಿ ತಾನಾಗಿ ಫೋಕಸ್ ಆಗುವ ಭಾಗ್ಯವಿಲ್ಲ. ಲೆನ್ಸು ಶಾಶ್ವತ ಆಸ್ತಿ ಎಂಬ ಹಳೆಯ ನಂಬಿಕೆಗೂ ಇದು ಸ್ವಲ್ಪ ತಿದ್ದುಪಡಿ.

ಈ ಬದಲಾವಣೆಯಿಂದ ಸಣ್ಣ ತಯಾರಕನಿಗೆ ಒಂದು ಅನುಕೂಲವಾಗಿದೆ. ಒಂದು ಕಾಲದ ಅತ್ಯುನ್ನತ ಎಸ್‌ಎಲ್‌ಆರ್‌ಗಳು ಹಳೆಯ ಮಾಲಿನ ಮಾರುಕಟ್ಟೆಯಲ್ಲಿ ಮೂಲ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಿವೆ. ಚನ್ನಪಟ್ಟಣದ ಬೊಂಬೆ, ಇಳಕಲ್ಲಿನ ಸೀರೆ, ಪಂಪಿನ ಬಿಡಿಭಾಗ ಯಾವುದೇ ಇರಲಿ, ಅದನ್ನು ಮೇಜಿನ ಮೇಲಿಟ್ಟು ಚಿತ್ರ ತೆಗೆಯಲು ಸೆಕೆಂಡಿಗೆ ಒಂಬತ್ತು ಚಿತ್ರ ಬೇಕಿಲ್ಲ, ಬೊಂಬೆ ಓಡಿಹೋಗುವುದಿಲ್ಲ. ಮಂದ ಬೆಳಕಿನ ಸಾಮರ್ಥ್ಯವೂ ಬೇಕಿಲ್ಲ; ಮುಕ್ಕಾಲಿ ಸ್ಟ್ಯಾಂಡು, ಬಿಳಿ ಬಟ್ಟೆ, ಎರಡು ದೀಪ ಸಾಕು. ಡಿ3ರ ಚಿತ್ರದ ಅಳತೆ 4,256ಕ್ಕೆ 2,832 ಬಿಂದುಗಳು. ಎ4 ಗಾತ್ರದ ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಲು ಬೇಕಾದುದು 3,508ಕ್ಕೆ 2,480. ಅಂದರೆ ಪೂರ್ಣಪುಟದ ಜಾಹೀರಾತಿಗೂ 2007ರ ಕ್ಯಾಮೆರಾ ಇಂದಿಗೂ ಸಾಕಾಗುತ್ತದೆ.

ಜವಳಿ ವ್ಯಾಪಾರಿಗೆ ಬೇಕಾದುದು ಇನ್ನೊಂದು: ಬಣ್ಣದ ನಿಷ್ಠೆ. ಚಿತ್ರದಲ್ಲಿ ಕಂಡ ಮೆರೂನ್ ಸೀರೆ ಪೊಟ್ಟಣ ಬಿಚ್ಚಿದಾಗ ಕೆಂಪಾಗಿದ್ದರೆ ಅದು ಹಿಂದಿರುಗಿ ಬರುತ್ತದೆ, ಎರಡು ಕಡೆಯ ಸಾಗಣೆ ವೆಚ್ಚ ಮಾರಿದವನ ತಲೆಗೆ. ಇದಕ್ಕೆ ದುಬಾರಿ ದೇಹ ಪರಿಹಾರವಲ್ಲ. ಒಂದೇ ಬಗೆಯ ದೀಪಗಳನ್ನು ಬಳಸಿ, ಸರಕಿನ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡನ್ನಿಟ್ಟು ಬಿಳಿಯ ಸಮತೋಲವನ್ನು ಹೊಂದಿಸಿಕೊಂಡರೆ ಹಳೆಯ ಕ್ಯಾಮೆರಾವೇ ಸರಿಯಾದ ಬಣ್ಣ ಕೊಡುತ್ತದೆ. ಕಿಟಕಿಯ ಬಿಸಿಲನ್ನೂ ಟ್ಯೂಬ್‌ಲೈಟನ್ನೂ ಬೆರೆಸಿದರೆ ಯಾವ ಬೆಲೆಯ ಕ್ಯಾಮೆರಾವೂ ಕೊಡಲಾರದು.

ಹಳೆಯದನ್ನು ಕೊಳ್ಳುವವನೂ ಮೊದಲ ಅನಿಸಿಕೆಯ ಬಲೆಗೆ ಬೀಳುತ್ತಾನೆ. ಹೊಳೆಯುವಂತೆ ಒರೆಸಿಟ್ಟ ದೇಹ ನೋಡಿ ಒಳಗಿನದನ್ನು ಮರೆಯುತ್ತಾನೆ. ನಿಕಾನ್ ಕ್ಯಾಮೆರಾಗಳಲ್ಲಿ ಶಟರ್ ಎಷ್ಟು ಬಾರಿ ತೆರೆದಿದೆ ಎಂಬ ಸಂಖ್ಯೆಯು ಪ್ರತಿ ಚಿತ್ರದ ಕಡತದಲ್ಲೇ ದಾಖಲಾಗಿರುತ್ತದೆ, ಸೂಕ್ತ ತಂತ್ರಾಂಶದಿಂದ ಓದಬಹುದು. ಡಿ3ರ ಮೆನುವಿನಲ್ಲಿ ಬ್ಯಾಟರಿಯ ಆಯುಷ್ಯವನ್ನು ಸೊನ್ನೆಯಿಂದ ನಾಲ್ಕರವರೆಗೆ ತೋರಿಸುವ ಪಟ್ಟಿಯೇ ಇದೆ. ನಾಲ್ಕು ಎಂದಿದ್ದರೆ ಅದು ಮುಗಿದ ಬ್ಯಾಟರಿ. ದ್ಯುತಿರಂಧ್ರವನ್ನು ಎಫ್16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು, ಗೀರು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಆ ಚಿತ್ರವನ್ನು ಕ್ಯಾಮೆರಾದ ಪರದೆಯ ಮೇಲೆ ನೋಡದೆ, ಸ್ವಂತ ಕಾರ್ಡಿನಲ್ಲಿ ಮನೆಗೆ ತಂದು ಕಂಪ್ಯೂಟರಿನಲ್ಲಿ ನೋಡಬೇಕು. ಮಾರುವವನು ಅದಕ್ಕೆ ಒಂದು ದಿನದ ಸಮಯ ಕೊಡಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗುವುದು ಒಳಿತು.